ಬೀದಿ ದೀಪಕ್ಕೆ ನಲವತ್ತೊಂದು ಅರ್ಜಿ

ಕುರುಬರಹಳ್ಳಿಯ ನಮ್ಮ ಕ್ರಾಸಿನಲ್ಲಿ ಉಗ್ರಪ್ಪನವರ ಮನೆ ಮುಂದಿನ ಮೋರಿಯ ಚಪ್ಪಡಿ ಒಡೆದು ಎರಡು ತಿಂಗಳಾಗಿತ್ತು. ಒಡೆದ ದಿನವೇ ಅವರ ಬಲಗಾಲು ಅದರೊಳಗೆ ಹೋಗಿತ್ತು. ಮೂರು ವಾರಕ್ಕೆ ಕಾಲು ವಾಸಿಯಾಯಿತು, ಆದರೆ ಅವರು ಗೇಟು ದಾಟಲಿಲ್ಲ. ಸೊಸೆ ಅಡ್ಡಲಾಗಿ ಒಂದು ಹಲಗೆ ಹಾಕಿಸಿದಳು. "ನನ್ನೇನು ಸರ್ಕಸ್ಸಿನವನು ಅನ್ಕೊಂಡಿದ್ದೀಯಾ?" ಎಂದು ಅವಳನ್ನೂ ಹಲಗೆಯನ್ನೂ ಬೈದು, ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಮಿಲ್ಲಿನಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದ ಮನುಷ್ಯ. ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲಿಗೆ ಬಿಡುವುದು, ಆಮೇಲೆ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಪುಕ್ಕಟೆ ಪೇಪರು, ಸಂಜೆ ಬೇಕರಿ ಮುಂದೆ ಯಾರ ಜೊತೆಗಾದರೂ ಜಗಳ, ಇಷ್ಟು ಅವರ ದಿನಚರಿ. ಈಗ ಉಳಿದದ್ದು ಒಂದೇ ಕೆಲಸ, ಹೋಗಿಬರುವವರಿಗೆಲ್ಲ "ಮೋರಿ! ಮೋರಿ!" ಎಂದು ಕೂಗುವುದು. ಆ ಕೂಗಿಗೆ ಬೆಚ್ಚಿಬಿದ್ದು ಒಬ್ಬ ಸ್ಕೂಟರಿನವನು ನೇರ ಮೋರಿಗೇ ಇಳಿಯುವುದರಲ್ಲಿದ್ದ.

ಮೊಮ್ಮಗಳು ರಂಜಿನಿ ಈ ವರ್ಷವೇ ಎಂಟನೇ ಕ್ಲಾಸಿಗೆ, ಅಂದರೆ ನನ್ನ ಅಂಗಡಿ ಎದುರಿನ ಹೈಸ್ಕೂಲಿಗೆ, ಬಂದವಳು.

"ಸುಮಾ ಆಂಟಿ, ತಾತ ಕಾಲು ನೋವು ಅಂತ ಸುಳ್ಳು ಹೇಳ್ತಾರೆ. ಭಯ ಅಷ್ಟೇ," ಎಂದಳು ಒಂದು ದಿನ ಪೆನ್ನು ಕೊಳ್ಳಲು ಬಂದವಳು. "ಹಿಂಗೇ ಕೂತ್ರೆ ಆಮೇಲೆ ಏಳೋದೇ ಇಲ್ಲ ಅವ್ರು."

ಇದು ಹೇಗೋ ಕನ್ನಡ ಮೇಷ್ಟ್ರು ಫಕೀರೇಶ ಅವರ ಕಿವಿಗೂ ಬಿತ್ತು. ಗದಗದ ಕಡೆಯವರು, ಮನಸ್ಸು ಒಳ್ಳೆಯದು. ಆ ವಾರ ಕ್ಲಾಸಿನಲ್ಲಿ ಪತ್ರಲೇಖನ ನಡೆಯುತ್ತಿತ್ತು. "ಸುಳ್ಳ ಪತ್ರ ಬರದದ್ದು ಸಾಕು. ಈ ಸಲ ಖರೇ ಪತ್ರ," ಎಂದು ಸಾರಿದರು. "ರಂಜಿನಿ ಮನಿ ಮುಂದಿನ ಮೋರಿ ಬಗ್ಗೆ ಎಲ್ಲಾರೂ ಬರೀರಿ. ಶಾಲಿ ಸೀಲ್ ಹಾಕಿ ನಾನ ವಾರ್ಡ್ ಆಫೀಸಿಗೆ ಕಳಸ್ತೀನಿ. ಇದ ನಿಮ್ಮ ಪ್ರಾಜೆಕ್ಟು, ಹತ್ತು ಮಾರ್ಕ್ಸು."

ನಲವತ್ತೆರಡು ಪತ್ರಗಳು ನನ್ನಲ್ಲಿಗೆ ಜೆರಾಕ್ಸಿಗೆ ಬಂದವು. ಕೈಗೆ ಬಂದದ್ದನ್ನು ಓದುವುದು ನನ್ನ ಚಟ. ಈ ಏರಿಯಾದ ಜಾತಕಗಳೂ ಡೈವೋರ್ಸ್ ನೋಟೀಸುಗಳೂ ನನಗೆ ಬಾಯಿಪಾಠ. ಇವನ್ನೂ ಓದಿದೆ.

ನಲವತ್ತೊಂದು ಪತ್ರಗಳು ಒಂದೇ ಪತ್ರ. ಗೈಡಿನ ಅರವತ್ತಮೂರನೇ ಪುಟದಿಂದ ಇಳಿಸಿದ್ದು. ಪರೀಕ್ಷೆಯಲ್ಲಿ ನಿಮ್ಮನ್ನು ಇಂಥವರೆಂದು ಭಾವಿಸಿಕೊಂಡು ಬರೆಯಿರಿ ಎಂದು ಕೇಳಿ ಕೇಳಿ, ಈ ಮಕ್ಕಳಿಗೆ ತಾವು ತಾವೇ ಎಂದು ಭಾವಿಸಿಕೊಳ್ಳುವುದು ಮರೆತೇಹೋಗಿತ್ತು. ಎಲ್ಲರ ಹೆಸರೂ ಕಖಗ. ವಿಷಯ, ಬೀದಿ ದೀಪ ಕೆಟ್ಟಿರುವ ಬಗ್ಗೆ. ಕತ್ತಲಲ್ಲಿ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ತೊಂದರೆಯಾಗುತ್ತಿದೆ. ದರ್ಶನ್ ಎಂಬ ಹುಡುಗ ಮಾತ್ರ ಸ್ವಂತ ಬುದ್ಧಿ ಓಡಿಸಿ ಕಖಗ ಹೊಡೆದು ಚಛಜ ಎಂದು ಬರೆದಿದ್ದ.

ರಂಜಿನಿಯದು ಸ್ವಂತದ್ದು. ಒಂದೂವರೆ ಪುಟ. "ಹಸಿರು ಮರಗಳಿಂದಲೂ ಹಕ್ಕಿಗಳ ಕಲರವದಿಂದಲೂ ಕಂಗೊಳಿಸುವ ನಮ್ಮ ಬಡಾವಣೆಯು..." ನಮ್ಮ ಕ್ರಾಸಿನಲ್ಲಿ ಹಸಿರು ಎಂದರೆ ಸಂಪಿನ ಮೇಲಿನ ಪಾಚಿ. ಹಕ್ಕಿ ಮುಗಿದು, ಸ್ವಚ್ಛತೆಯ ಮಹತ್ವ ಮುಗಿದು, ಕೊನೆಯ ಸಾಲಿನಲ್ಲಿ "ಮೋರಿಯ ಕಡೆಗೂ ಗಮನ ಹರಿಸಬೇಕಾಗಿ ವಿನಂತಿ" ಎಂದಿತ್ತು.

"ಹಕ್ಕಿ ಎಲ್ಲಿದೆಯೇ?" ಎಂದು ಅಂಗಡಿಗೆ ಬಂದ ರಂಜಿನಿಯನ್ನೇ ಕೇಳಿದೆ.

"ಪೀಠಿಕೆ ಆಂಟಿ ಅದು. ಪೀಠಿಕೆಗೆ ಎರಡು ಮಾರ್ಕ್ಸಿದೆ."

ಮೇಷ್ಟ್ರು ಪತ್ರಗಳನ್ನು ಒಯ್ಯಲು ಬಂದಾಗ ಕೇಳಿದೆ. "ಸಾರ್, ಇವನ್ನ ಓದಿದ್ರಾ?"

"ವಿನ್ಯಾಸ ನೋಡೀನ್ರೀ ಅಕ್ಕಾರ. ಇಂದ, ಇವರಿಗೆ, ವಿಷಯ, ಸ್ಥಳ, ದಿನಾಂಕ, ಎಲ್ಲಾ ಜಾಗಾದಾಗ ಅದಾವ."

"ಒಳಗಡೆ?"

"ಒಳಗೇನ್ ಇರ್ತದರೀ, ಇದ್ದದ್ದ ಇರ್ತದ," ಎಂದು ನಕ್ಕು, ಬಸ್ಸು ಬಂತೆಂದು ಓಡಿದರು.

ಎಂಟೇ ದಿನಕ್ಕೆ ಏಣಿ ಹೊತ್ತ ಗಾಡಿ ಬಂತು. ಉರಿಯುತ್ತಿದ್ದ ದೀಪಗಳನ್ನೂ ಬಿಚ್ಚಿ ಹೊಸದು ಹಾಕಿದರು. "ನಲವತ್ತೊಂದು ಅರ್ಜಿ ಬಂದೈತೆ ಮೇಡಂ," ಎಂದ ಏಣಿ ಮೇಲಿದ್ದವನು. "ಪಾಪ, ಮಕ್ಕಳು ಕತ್ತಲಲ್ಲಿ ಓದ್ತಾ ಇದಾವಂತೆ." ಉಗ್ರಪ್ಪನವರ ಮನೆ ಮುಂದಿನ ಕಂಬಕ್ಕೆ ಒಂದು ದೊಡ್ಡ ದೀಪವೇ ಬಂತು. ಅಲ್ಲಿಂದ ಮುಂದೆ ಮೋರಿ ರಾತ್ರಿಯೂ ಹಗಲಿನಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನ ಶಾಲೆಯ ಗಂಟೆಗೆ ಮೊದಲೇ ರಂಜಿನಿ ಅಂಗಡಿಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಲೈಟು ಕಣ್ಣಿಗೆ ಹೊಡೆಯುತ್ತೆ ಅಂತ ತಾತ ಕುರ್ಚಿ ತಿರುಗಿಸ್ಕೊಂಡ್ರು ಆಂಟಿ. ಬೆಳಿಗ್ಗೆನೂ ಹಂಗೇ ಕೂತಿದಾರೆ. ಗೋಡೆ ನೋಡ್ತಾ. ಮೋರಿ ಅಂತ ಕೂಗ್ತಾನೂ ಇಲ್ಲ."

ಇದು ನನಗೂ ಸರಿ ಕಾಣಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟೆ. "ಏನಾಗಿದೆ, ನನಗೆ ಹೇಳು."

ಹೇಳಿದಳು, ನಾಲ್ಕು ಮಾತಿನಲ್ಲಿ.

"ಅದನ್ನೇ ಬರಿ."

"ಪೀಠಿಕೆ?"

"ಆ ಆಫೀಸಿನವನಿಗೆ ದಿನಕ್ಕೆ ಇನ್ನೂರು ಕಾಗದ ಬರುತ್ತೆ ಕಣೇ. ನಿನ್ನ ಹಕ್ಕಿ ಹಾರ್ಕೊಂಡು ಮೋರಿ ಹತ್ರ ಬರೋ ಅಷ್ಟರಲ್ಲಿ ಅವನು ಊಟಕ್ಕೆ ಎದ್ದಿರ್ತಾನೆ."

ಸಂಜೆ ಪಕ್ಕದ ಟೈಲರ್ ಹತ್ತಿರ ಟೇಪು ಇಸಿದುಕೊಂಡು ಹೋಗಿ ಮೋರಿ ಅಳೆದು ಬಂದಳು. ಆಮೇಲೆ ಬರೆದಳು.

"ನಾಲ್ಕನೇ ಕ್ರಾಸ್, 27ನೇ ನಂಬರ್ ಮನೆ ಮುಂದೆ ಮೋರಿಯ ಚಪ್ಪಡಿ ಒಡೆದಿದೆ. ಮೂರು ಅಡಿ ಉದ್ದ, ಎರಡು ಅಡಿ ಅಗಲ. ನಮ್ಮ ತಾತ ಅದರಲ್ಲಿ ಬಿದ್ದರು. ಅವರಿಗೆ ಎಪ್ಪತ್ತೊಂದು ವರ್ಷ. ಆವತ್ತಿನಿಂದ ಮನೆಯಿಂದ ಹೊರಗೆ ಬಂದಿಲ್ಲ. ಒಂದು ಚಪ್ಪಡಿ ಹಾಕಿಸಿ. ಹೋದ ಸಲ ದೀಪ ಕೇಳಿದ್ದು ನಮ್ಮ ತಪ್ಪು. ದೀಪ ಚೆನ್ನಾಗಿದೆ. ರಂಜಿನಿ." ಕೆಳಗೆ ನನ್ನ ಅಂಗಡಿಯ ಫೋನ್ ನಂಬರು.

ಫಕೀರೇಶ ಮೇಷ್ಟ್ರು ಅಂಗಡಿಯಲ್ಲೇ ನಿಂತು ಅದನ್ನು ಎರಡು ಸಲ ಓದಿದರು. ಈ ಸಲ ಒಳಗಿನದನ್ನೂ ಓದಿದರು. ಮುಖ ಸಣ್ಣದಾಯಿತು.

"ಛಲೋ ಬರದೀಯವಾ. ಆದ್ರ ಪೀಠಿಕಿ ಇಲ್ಲ, ಮಾನ್ಯರೇ ಇಲ್ಲ, ವಿಧೇಯ ವಿದ್ಯಾರ್ಥಿನಿ ಇಲ್ಲ. ಸೀಲ್ ಹಾಕಿ ಇದನ್ನ ಕಳಿಸಿದ್ರ, ಫೈಲಿನ್ಯಾಗೂ ಹಳೇದರ ಬದ್ಲಿ ಇದನ್ನ ಇಡಬೇಕು. ಹಳೇದಕ್ಕ ಒಂಬತ್ತು ಕೊಟ್ಟಿದ್ದೆ. ಇದಕ್ಕ ನಾಕು ಬರ್ತಾವ ನೋಡು."

ರಂಜಿನಿಗೆ ಹೈಸ್ಕೂಲಿನ ಮೊದಲ ಪ್ರಾಜೆಕ್ಟು ಅದು. ಕ್ಲಾಸಿಗೆ ಮೊದಲಿಗಳು ಬೇರೆ.

"ಕಳಿಸಿ ಸಾರ್," ಎಂದಳು.

ಐದನೇ ದಿನ ಅಂಗಡಿಗೆ ಫೋನು ಬಂತು. "ನಾನು ಮಹದೇವ್, ವಾರ್ಡ್ ಆಫೀಸಿಂದ. ರಂಜಿನಿ ಮೇಡಂ ಇದಾರಾ?"

"ಕ್ಲಾಸಲ್ಲಿದಾರೆ ಸಾರ್."

"ಓ, ಟೀಚರಾ?"

"ಅಲ್ಲ, ಎಂಟನೇ ಕ್ಲಾಸು."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. "ಮೂರು ಬೈ ಎರಡು ಕರೆಕ್ಟಾಗಿದೆ ತಾನೇ? ಅಳತೆ ಬರೆದಿರೋ ಅರ್ಜಿ ಇದೇ ಮೊದಲು ನೋಡ್ತಿರೋದು."

"ಟೈಲರ್ ಟೇಪಲ್ಲಿ ಅಳೆದಿದಾಳೆ. ಅರ್ಧ ಇಂಚೂ ಆಚೀಚೆ ಇಲ್ಲ."

ಮಾರನೇ ದಿನ ಮೋರಿಗೆ ಹೊಸ ಚಪ್ಪಡಿ ಬಿತ್ತು. ಸೊಸೆ ಅರಿಶಿನ ಕುಂಕುಮ ಇಟ್ಟು ರಂಗೋಲಿಯನ್ನೂ ಬಿಟ್ಟಳು. ಉಗ್ರಪ್ಪ ಕುರ್ಚಿಯಿಂದ ಏಳಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಚಪ್ಪಡಿ ಹಾಕಿಸಬಹುದು, ಧೈರ್ಯಕ್ಕೆ ಎಲ್ಲಿ ಅರ್ಜಿ ಕೊಡುವುದು ಎಂದು ನಾನೂ ಸೋತು ಕೂತೆ.

ನಾಲ್ಕನೇ ದಿನ ಹತ್ತೂವರೆಗೆ ಅಂಗಡಿ ಮುಂದೆ ಗುಡುಗಿದಂತಾಯಿತು. ನೋಡಿದರೆ ಉಗ್ರಪ್ಪ. ಅಂಗಿಯ ಗುಂಡಿ ಮೇಲೆ ಕೆಳಗೆ, ಕಾಲಲ್ಲಿ ಸೊಸೆಯ ಚಪ್ಪಲಿ, ಕೈಯಲ್ಲಿ ರಂಜಿನಿಯ ಪ್ರಾಜೆಕ್ಟ್ ಫೈಲು.

"ಏನಮ್ಮಾ ಸುಮಾ, ನೋಡಿದ್ಯಾ ಇದನ್ನ? ನಾಲ್ಕು! ಹತ್ತಕ್ಕೆ ನಾಲ್ಕು! ಮೋರಿಗೆ ಬಿದ್ದ ನನ್ನ ಕಾಲಿಗೆ ನಾಲ್ಕು ಮಾರ್ಕ್ಸು! ಎಲ್ಲಿ ಆ ಮೇಷ್ಟ್ರು?"

"ಚಪ್ಪಡಿ ಹೆಂಗಿದೆ ಉಗ್ರಪ್ಪನೋರೇ?"

"ಥೂ, ಅಲ್ಲಾಡುತ್ತೆ," ಎಂದವರು, ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರು. ರಸ್ತೆ ದಾಟಿ ಶಾಲೆಯೊಳಗೆ ನುಗ್ಗಿದರು.

ಸಂಜೆ ರಂಜಿನಿಯನ್ನು ಹಿಡಿದು ಕೇಳಿದೆ. "ತಾತನಿಗೆ ಮಾರ್ಕ್ಸ್ ವಿಷಯ ಹೇಳಿದ್ಯೇನೇ?"

"ಹೇಳ್ಲಿಲ್ಲ ಆಂಟಿ. ಫೈಲು ಕುರ್ಚಿ ಮೇಲೆ ಬಿಟ್ಟು ಬಂದೆ."

ಈಗ ಉಗ್ರಪ್ಪ ದಿನಾ ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಜಗಳ ಆಡಿ, ಬೇಕರಿಯಲ್ಲಿ ಅವರ ಜೊತೆಗೇ ಟೀ ಕುಡಿದು ಬರುತ್ತಾರೆ. ಫಕೀರೇಶ ಅವರಿಗೂ ಸಾಕಾಗಿ, ಒಂದು ದಿನ ನನ್ನ ಅಂಗಡಿಯಲ್ಲೇ ಕೆಂಪು ಪೆನ್ನು ತೆಗೆದರು. "ತಗೋವಾ, ಹತ್ತಕ್ಕ ಹತ್ತು ಕೊಟ್ಟಬಿಡ್ತೀನಿ. ನಿಮ್ಮ ಅಜ್ಜಾನ್ನ ಒಂದೀಟು ಸುಮ್ನಿರಸು."

ರಂಜಿನಿ ಫೈಲನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ಬೇಡಿ ಸಾರ್. ನಾಲ್ಕೇ ಇರ್ಲಿ."