ದುರುಗಮ್ಮ ಕೈಚಾಚಿ ಕೊಟ್ಟ ರಕ್ತ

ಆನೆಕೊಂಡದ ದುರುಗಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು. ಬಾಯಿ ಜೋರು. ಹರಿಹರದ ಅಣ್ಣ ಉಚ್ಚಂಗೆಪ್ಪನ ಮಗಳು ಯಶೋದಾಳನ್ನು ಹಟ ಹಿಡಿದು ಮಗ ಮಾಲತೇಶನಿಗೆ ತಂದುಕೊಂಡವಳೂ ಇವಳೇ. "ಹೊರಗಿನ ರಕ್ತ ಯಾಕ ಬೇಕು? ನಮ್ಮದೇ ಐತಲ್ಲ" ಅಂದಿದ್ದಳು.

ಮೊಮ್ಮಗಳು ಅಂಕಿತಾ ಆರು ತಿಂಗಳು ದುಂಡಗೆ ಇದ್ದಳು. ಆಮೇಲೆ ಮೈ ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿತು, ಅಳುವುದಕ್ಕೂ ತ್ರಾಣವಿಲ್ಲ. ಕಾರಣ ಹೇಳಲು ದುರುಗಮ್ಮನಿಗೆ ಯಾವ ಡಾಕ್ಟರೂ ಬೇಕಾಗಲಿಲ್ಲ. "ನಿನ್ನ ಹಾಲು ಕೆಟ್ಟೈತೆ" ಎಂದು ಸೊಸೆಯ ಮಡಿಲಿಂದ ಕೂಸನ್ನು ಕಿತ್ತುಕೊಂಡಳು. ಯಶೋದಾಳನ್ನು ಹರಿಹರದ ಬಸ್ಸು ಹತ್ತಿಸಿದ ದಿನ ಆ ಹುಡುಗಿಯ ರವಿಕೆ ಎದೆಹಾಲಿಗೆ ನೆನೆದಿತ್ತು. ದುರುಗಮ್ಮ ನೋಡಿಯೂ ಮುಖ ತಿರುಗಿಸಿದಳು.

ಎರಡು ತಿಂಗಳಾಯಿತು. ಓಣಿಯ ನರ್ಸ್ ಹಜೀರಾಬೀ ಒಂದು ದಿನ ಕೂಸಿನ ಕಣ್ಣುರೆಪ್ಪೆ ಎಳೆದು ನೋಡಿ ಗಾಬರಿಯಾದಳು.

"ದುರುಗಮ್ಮಕ್ಕ, ಮೈಯಾಗೆ ರಕ್ತಾನೇ ಇಲ್ರಿ. ನಡೀರಿ ಆಸ್ಪತ್ರೆಗೆ."

"ಯಾಕ? ಹಾಲು ಬಿಡಿಸೀನಿ, ಸರಿ ಆಗುತ್ತೆ."

"ಬಿಡಿಸಿ ಎರಡು ತಿಂಗಳಾತು. ಸರಿ ಆತೇನ್ರಿ?"

ಆಸ್ಪತ್ರೆಯಲ್ಲಿ ಕೂಸಿಗೆ ರಕ್ತ ಹಾಕಿದರು. ಮನೆಯವರ ರಕ್ತವನ್ನೂ ಪರೀಕ್ಷೆ ಮಾಡಬೇಕು ಅಂದರು. "ಅವಳು ಇಲ್ಲಿಗೆ ಬರೋದು ಬ್ಯಾಡ" ಎಂದು ದುರುಗಮ್ಮ ಪಟ್ಟು ಹಿಡಿದಿದ್ದಕ್ಕೆ ಯಶೋದಾ ಮತ್ತು ಉಚ್ಚಂಗೆಪ್ಪ ಹರಿಹರದಲ್ಲೇ ಪರೀಕ್ಷೆಗೆ ರಕ್ತ ಕೊಟ್ಟರು. ಮಾಲತೇಶನ ಸರದಿ ಮುಗಿದದ್ದೇ ದುರುಗಮ್ಮ ತಾನೂ ಕೈ ಚಾಚಿದಳು. "ನಂದೂ ತಗೊಳ್ರಿ. ಕೆಟ್ಟಿರೋದು ಯಾರದು ಅಂತ ಗೊತ್ತಾಗ್ಲಿ!"

ಗೊತ್ತಾಯಿತು. ವಾರದ ಮೇಲೆ ಹಜೀರಾಬೀ ಚೀಟಿಗಳನ್ನು ಹಿಡಿದು ಬಂದು ಕೂತಳು.

"ರಕ್ತ ತಯಾರು ಮಾಡೋ ವಂಶವಾಹಿ ಅಂತ ಮೈಯಾಗೆ ಇರ್ತಾವ್ರಿ, ಡಾಕ್ಟರು ಜೀನ್ ಅಂತಾರೆ. ಎಲ್ಲಾ ಜೀನೂ ಯಾವಾಗ್ಲೂ ಕೆಲಸ ಮಾಡಲ್ಲ. ನಿಮ್ಮ ಭಟ್ಟಿಯಾಗೆ ಎರಡು ಒಲೆ ಅನ್ಕೊಳ್ರಿ. ಹೊಟ್ಟೆಯಾಗಿನ ಕೂಸಿಗೆ ಒಂದು ಉರೀತೈತೆ. ಹುಟ್ಟಿ ಆರು ತಿಂಗಳ ಹೊತ್ತಿಗೆ ಅದು ತಾನೇ ಆರಿ, ಎರಡನೇದು ಹತ್ತಿಕೋಬೇಕು. ಅಂಕಿತಾಗೆ ಎರಡನೇದು ಹತ್ತಲಿಲ್ಲ."

"ಅಂದ್ರೆ ಹಾಲು..."

"ಹಾಲಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಇದು ಥಲಸ್ಸೇಮಿಯಾ. ಆ ಎರಡನೇ ಒಲೆಗೆ ಅಪ್ಪಂದೊಂದು, ಅವ್ವಂದೊಂದು ಜೀನ್ ಬರ್ತೈತೆ. ಒಂದು ಸರಿ ಇದ್ರೆ ಸಾಕು, ಮನುಷ್ಯ ಗಟ್ಟಿಯಾಗೇ ಇರ್ತಾನೆ. ಕೂಸಿಗೆ ಎರಡೂ ಕೆಟ್ಟದ್ದೇ ಬಂದಾವು."

"ನನ್ನ ಮಗಂಗೆ ಎಲ್ಲಿಂದ ಬಂತು?"

ಹಜೀರಾಬೀ ಕೊನೆಯ ಚೀಟಿ ಮುಂದಿಟ್ಟಳು. "ನಿಮ್ಮಿಂದ ಅಕ್ಕ. ಯಶೋದಾಗೆ ನಿಮ್ಮಣ್ಣನಿಂದ. ಹಿಂಗ್ ಬರೋದು ಯಾರ ತಪ್ಪೂ ಅಲ್ರಿ. ಮದುವೆಗೆ ಮುಂಚೆ ರಕ್ತ ತೋರಿಸಿದ್ರೆ ತಿಳೀತಿತ್ತು, ಅಷ್ಟೇ."

ದುರುಗಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಜೀನು ಬಂದದ್ದು ಅವಳ ತಪ್ಪಲ್ಲ, ಸರಿ. ಬಸ್ ಸ್ಟ್ಯಾಂಡಿನಲ್ಲಿ ಮುಖ ತಿರುಗಿಸಿದ್ದು?

ಮರುದಿನವೇ ಕೂಸನ್ನು ಎತ್ತಿಕೊಂಡು ಹರಿಹರಕ್ಕೆ ಹೋದಳು. ಅಣ್ಣನ ಮನೆಯ ಹೊಸಿಲು ದಾಟಲು ಕಾಲು ಬರಲಿಲ್ಲ.

"ತಪ್ಪಾತು ಯವ್ವ. ಬೈದರೂ ಬೈಯಿ. ಮನೆಗೆ ಬಾ."

ಯಶೋದಾ ಬೈಯಲಿಲ್ಲ. ಓಡಿ ಬಂದು ಕೂಸನ್ನು ಎದೆಗೆ ಹಾಕಿಕೊಂಡಳು. ಕೂಸು ತಾಯಿಯ ಗುರುತು ಸಿಗದೆ ಕಿರುಚಿ ಅಜ್ಜಿಯ ಕಡೆ ಕೈ ಚಾಚಿತು.

"ಬರ್ತೀನಿ ಅತ್ತೆ" ಅಂದಳು ಯಶೋದಾ, ತಲೆ ತಗ್ಗಿಸಿ. "ಆದ್ರೆ ಹಾಲು ಬತ್ತಿ ಹೋಗೈತೆ."

ಈಗ ಅಂಕಿತಾಳಿಗೆ ತಿಂಗಳು ತಿಂಗಳೂ ರಕ್ತ ಹಾಕಿಸುತ್ತಾರೆ. ಜೊತೆಗೆ ಹೋಗುವವಳು ತಾಯಿ. ಓಣಿಯಲ್ಲಿ ಯಾರ ಮನೆಯಲ್ಲಿ ಹೆಣ್ಣು ನೋಡುವ ಮಾತೆದ್ದರೂ ದುರುಗಮ್ಮ ಕರೆಯದೆಯೇ ಹೋಗಿ, ನಾಚಿಕೆ ಬಿಟ್ಟು, ತನ್ನ ಕಥೆ ಹೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಸಂಬಂಧದೊಳಗೇ ಆಗಲಿ, ಹೊರಗೇ ಆಗಲಿ, ಮದುವೆಗೆ ಮೊದಲು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮದುವೆ ಆಗಿಹೋಗಿದ್ದರೆ ಬಸುರಾಗುವ ಮುಂಚೆ ಡಾಕ್ಟರನ್ನು ಕೇಳಿ. ಮಗು ಬಿಳಿಚಿಕೊಂಡರೆ ಆಸ್ಪತ್ರೆಗೆ ಓಡಿ. ತಾಯಿಯ ಕಡೆ ಬೆರಳು ತೋರಿಸಬೇಡಿ. ಆ ಬೆರಳಿನ ರಕ್ತ ಏನು ಹೇಳುತ್ತದೋ ನಿಮಗೂ ಗೊತ್ತಿಲ್ಲ.