ಮಾಣಿಯ ಬಸಳೆ

ಗಂಡನ ಅಂಗಿಯನ್ನು ಮಡಿವಾಳನ ಕೈಗೆ ಕೊಡುವುದನ್ನೂ ಸಹಿಸದವರು ನಮ್ಮ ನೆರೆಮನೆಯ ಕುಸುಮಕ್ಕ. ಗಂಜಿತಿಳಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿಪೆಟ್ಟಿಗೆಗೆ ತಾವೇ ಕೆಂಡ ತುಂಬಿ ತೀಡಿದ ಆ ಅಂಗಿಯನ್ನು ತೊಟ್ಟು ಮುಂಡಪ್ಪ ಶೆಟ್ಟರು ಬಂಟ್ವಾಳ ಪೇಟೆಯ ತಮ್ಮ ಹೋಟೆಲಿಗೆ ಹೊರಟರೆ, ಅವರು ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ಜಗಲಿಯಲ್ಲಿ ನಿಂತಿರುತ್ತಿದ್ದರು. ಗಿಡ್ಡ ಮೈಕಟ್ಟು, ಚುರುಕು ನಡೆ. ನೆಲಕ್ಕೆ ಏನೋ ಬುದ್ಧಿ ಹೇಳುವವರಂತೆ ಹಿಮ್ಮಡಿ ಊರಿ ನಡೆಯುವರು. ಉಳಿದ ಹೆಂಗಸರು ‘ನಮ್ಮ ಮನೆಯವರು’ ಎನ್ನುವಲ್ಲಿ ಈಕೆ ‘ನನ್ನವರು’ ಎಂದು ಒತ್ತಿ ಹೇಳುವರು. ಅದು ಪ್ರೀತಿಯೆಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಮಾತ್ರ, “ಪ್ರೀತಿಯೂ ಹೌದು, ದಾರಿಯಲ್ಲಿ ಯಾರು ಮಾತಾಡಿಸ್ತಾರೆ ಅಂತ ನೋಡುವುದೂ ಹೌದು” ಎಂದು ನಗುತ್ತಿದ್ದಳು.

ಕುಸುಮಕ್ಕನ ಅಸೂಯೆಯ ದೊಡ್ಡ ಪಾಲು ಮೀಸಲಾಗಿದ್ದುದು ಮಾಣಿಯೆಂಬ ಊರಿನಲ್ಲಿದ್ದ ಗಂಡನ ಅಕ್ಕ ಕಾಂತಿ ಶೆಡ್ತಿಗೆ. ಅಳಿಯಸಂತಾನದ ಕಟ್ಟಿನಲ್ಲಿ ಹುಟ್ಟಿದ ಗಂಡಸು ಹೆಂಡತಿಯ ಜತೆ ಎಲ್ಲೇ ಬಾಳಿದರೂ ಅವನ ಬೇರು ಅಕ್ಕತಂಗಿಯರ ಮನೆಯಲ್ಲೇ. ಅಲ್ಲಿನ ಗದ್ದೆಗೆ ಅವನು ಯಜಮಾನ, ಅಲ್ಲಿನ ಸೋದರಳಿಯಂದಿರು ವಾರಸುದಾರರು, ಕಣ್ಣು ಮುಚ್ಚಿದರೆ ಚಿತೆಯೂ ಅಲ್ಲೇ. ಶೆಟ್ಟರು ಪ್ರತಿ ಶನಿವಾರ ಬಸ್ಸು ಹತ್ತಿ ಮಾಣಿಗೆ ಹೋಗುತ್ತಿದ್ದರು. ಅಂದು ಕುಸುಮಕ್ಕನ ಪಾತ್ರೆಗಳ ಸದ್ದು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ಸಾವಿರದೊಂಬೈನೂರ ಅರವತ್ತನಾಲ್ಕರ ಸುಮಾರಿಗೆ ಶೆಟ್ಟರ ಎದೆಬಡಿತ ತಾಳ ತಪ್ಪಿತು. ಮಂಗಳೂರಿನ ಡಾಕ್ಟರು ಪರೀಕ್ಷಿಸಿ, ನೆತ್ತರು ಹೆಪ್ಪುಗಟ್ಟಿ ಮಿದುಳಿಗೆ ಹೋಗದಂತೆ ಅದನ್ನು ತೆಳುವಾಗಿಡುವ ಮಾತ್ರೆ ಕೊಟ್ಟರು. ಆಗಾಗ ರಕ್ತಪರೀಕ್ಷೆಗೆ ಬರಬೇಕು. ಸೊಪ್ಪು ಹೆಚ್ಚಾದರೆ ಮಾತ್ರೆಯ ಬಲ ಕುಂದುತ್ತದೆ, ತಿಂದರೂ ಸ್ವಲ್ಪವೇ ತಿನ್ನಬೇಕು, ಯಾವಾಗಲೂ ಒಂದೇ ಅಳತೆಯಲ್ಲಿ ತಿನ್ನಬೇಕು ಎಂದರು. ಕುಸುಮಕ್ಕ ಅಳತೆಯ ಗೊಡವೆಗೇ ಹೋಗದೆ ಅಂಗಳದ ಬಸಳೆ ಚಪ್ಪರವನ್ನು ಬುಡಸಮೇತ ಕಿತ್ತುಹಾಕಿದರು. ಸಂಜೆ ಮಾತ್ರೆಯನ್ನು ತಾವೇ ಗಂಡನ ಅಂಗೈಯಲ್ಲಿಟ್ಟು, ಗಂಟಲಿನಿಂದ ಇಳಿಯುವವರೆಗೂ ಕಾಯುವರು. ಆ ಕಾಯಿಲೆಯಲ್ಲಿ ಅವರಿಗೊಂದು ಗುಟ್ಟಾದ ಸಮಾಧಾನವೂ ಇತ್ತೆಂದು ನನಗೆ ತೋರುತ್ತದೆ. ಗಂಡನ ಒಂದು ಸಂಗತಿಯಾದರೂ ಅವರೊಬ್ಬರ ವಶಕ್ಕೆ ಬಂದಿತ್ತು.

“ಮಾಣಿಯಲ್ಲಿ ಇದನ್ನು ಹೇಳ್ಬೇಡಿ. ಗೊತ್ತಾದ್ರೆ ಆರೈಕೆ ಅಂತ ಅಲ್ಲಿಗೇ ಕರ್ಕೊಂಡು ಹೋಗ್ತಾರೆ” ಎಂದು ಗಂಡನಿಂದ ಮಾತು ತೆಗೆದುಕೊಂಡರು. ಯಾರಿಗೂ ಇಲ್ಲವೆನ್ನಲು ಬಾರದ ಶೆಟ್ಟರು ಒಪ್ಪಿದರು.

ಆದರೆ ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರು ಹುಬ್ಬು ಗಂಟಿಕ್ಕುತ್ತಿದ್ದರು, ಮಾತ್ರೆ ನಾಟುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಶೆಟ್ಟರ ಕೈಯಿಂದ ಕಾಫಿ ಲೋಟ ಜಾರಿತು, ಬಾಯಿ ಒಂದು ಬದಿಗೆ ವಾಲಿತು. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಸರಿಹೋಯಿತು. ಇನ್ನೊಮ್ಮೆ ಹೀಗಾದರೆ ಸರಿಹೋಗದು ಎಂದ ಡಾಕ್ಟರು, ಏನೇನು ತಿನ್ನುತ್ತೀರಿ ಎಂದು ಬಿಡದೆ ಕೇಳಿದಾಗ ಶೆಟ್ಟರು ತಲೆತಗ್ಗಿಸಿ ಹೇಳಿಬಿಟ್ಟರು: ಶನಿವಾರ ಶನಿವಾರ ಅಕ್ಕನ ಮನೆಯಲ್ಲಿ ಸಿಗಡಿ ಹಾಕಿದ ಬಸಳೆ ಪದಾರ್ಥ, ಹೊಟ್ಟೆ ತುಂಬ.

“ನನ್ನ ಕೈಯ ಮಾತ್ರೆಗಿಂತ ಅಕ್ಕನ ಬಸಳೆ ಹೆಚ್ಚಾಯ್ತಾ ನಿಮಗೆ?” ಎಂದು ಕುಸುಮಕ್ಕ ದಾರಿಯುದ್ದಕ್ಕೂ ಕೇಳಿದರಂತೆ.

“ಬೇಡ ಅಂದ್ರೆ ಕಾರಣ ಹೇಳ್ಬೇಕಲ್ಲ? ಹೇಳ್ಬಾರದು ಅಂದದ್ದು ನೀನೇ” ಎಂದರಂತೆ ಶೆಟ್ಟರು.

ಮರುದಿನ ಕುಸುಮಕ್ಕ ನಮ್ಮ ಬಾಗಿಲಿಗೆ ಬಂದರು. “ಮಾಸ್ಟ್ರೇ, ಮಾಣಿಗೆ ಹೋಗುವ. ನೀವು ಸುಮ್ಮನೆ ಪಕ್ಕದಲ್ಲಿದ್ದರೆ ಸಾಕು. ಆ ಅಕ್ಕನಿಗೆ ನಾಲ್ಕು ಮಾತು ಹೇಳದೆ ನನಗೆ ಗಂಜಿ ಇಳಿಯುವುದಿಲ್ಲ.”

ನಾವು ಹೋದಾಗ ಕಾಂತಿ ಶೆಡ್ತಿ ಬಸಳೆ ಚಪ್ಪರದ ಕೆಳಗೇ ಇದ್ದರು. ಕುಸುಮಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದರು. ಕಾಂತಿ ಶೆಡ್ತಿ ಕಿತ್ತ ಬಸಳೆಯನ್ನು ಮೆಟ್ಟಿಲ ಮೇಲಿಟ್ಟರು.

“ನನಗೆ ಒಂದು ಮಾತು ಯಾಕೆ ಹೇಳಲಿಲ್ಲ ಮಾರಾಯ್ತಿ? ಮನೆಯಲ್ಲಿ ಈಗ ಬಸಳೆ ಮಾಡುವುದಿಲ್ಲ ಅಂದ ಅವನು. ನನ್ನ ತಮ್ಮನಿಗೆ ಬೇಯಿಸಿ ಹಾಕ್ಲಿಕ್ಕೆ ನಿನಗೆ ಮನಸ್ಸಿಲ್ಲ ಅಂತ ಎಣಿಸಿದೆ. ಅದಕ್ಕೇ ಎರಡು ಸೌಟು ಹೆಚ್ಚು ಬಡಿಸಿದೆ.”

ನಾಲ್ಕು ಮಾತು ಹೇಳಬಂದವರು ಮೆಟ್ಟಿಲ ಮೇಲೆ ಕುಳಿತರು. ಆಮೇಲೆ, “ಹೇಳಿದರೆ ಇಲ್ಲೇ ಇಟ್ಟುಕೊಳ್ತೀರಿ ಅಂತ ಹೆದರಿಕೆ ಆಯ್ತು ಅಕ್ಕ” ಎಂದರು ಕುಸುಮಕ್ಕ.

“ಇಟ್ಟುಕೊಳ್ತಿದ್ದೆ. ಸುಳ್ಳು ಯಾಕೆ ಹೇಳಲಿ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಬ್ಬೊಬ್ಬರೂ ಇನ್ನೊಬ್ಬರ ಮೇಲಿನ ಹೊಟ್ಟೆಕಿಚ್ಚಿನಿಂದಲೇ, ತಾವು ಅಷ್ಟು ಜತನದಿಂದ ಹಿಡಿದುಕೊಂಡಿದ್ದವನನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತಿದ್ದುದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

ಅಂದಿನಿಂದ ಶನಿವಾರದ ಬಸ್ಸಿನಲ್ಲಿ ಗಂಡಹೆಂಡತಿ ಇಬ್ಬರೂ. ಬಸಳೆ ಮಾಣಿಯಲ್ಲಿ ಮಾತ್ರ, ಡಾಕ್ಟರು ಹೇಳಿದಂತೆ ಪ್ರತಿ ಸಲವೂ ಒಂದೇ ಸೌಟು. ಕಾಂತಿ ಶೆಡ್ತಿ ಬಡಿಸುವಾಗ ಕುಸುಮಕ್ಕ ಎದುರಿಗೆ ಕೂತು, “ಸೌಟು ದೊಡ್ಡದಾಯ್ತು ಅಕ್ಕ” ಎನ್ನುವರು. “ನಿನ್ನ ಕಣ್ಣು ದೊಡ್ಡದು” ಎನ್ನುವರು ಆಕೆ. ನಡುವೆ ಶೆಟ್ಟರು ತಲೆ ಎತ್ತದೆ ಉಣ್ಣುವರು. ಮಾತ್ರೆ ಹಿಡಿತಕ್ಕೆ ಬಂತು; ಮತ್ತೆ ಬಹಳ ವರ್ಷ ಅವರು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು.

ಅಸೂಯೆಯನ್ನು ಗೆದ್ದವರ ಕಥೆಗಳನ್ನು ತರಗತಿಯಲ್ಲಿ ಎಷ್ಟೋ ಹೇಳಿದ್ದೇನೆ. ಗೆದ್ದವರನ್ನು ಕಣ್ಣಾರೆ ಕಂಡದ್ದು ಕಡಿಮೆ. ಕುಸುಮಕ್ಕನಂಥವರು ಗೆಲ್ಲುವುದಿಲ್ಲ, ಗೆಲ್ಲಲು ಹೊರಡುವುದೂ ಇಲ್ಲ. ಆದರೆ ಪ್ರೀತಿಸಿದ ಜೀವ ಉಳಿಯಬೇಕಾದರೆ ಹಂಚಿಕೊಳ್ಳಲೇಬೇಕೆಂದು ತಿಳಿದ ದಿನ, ಹಲ್ಲು ಕಚ್ಚಿಕೊಂಡಾದರೂ ಪಾಲು ಬಿಟ್ಟುಕೊಡುತ್ತಾರೆ. ಉದಾರಿಗಳ ತ್ಯಾಗಕ್ಕಿಂತ ಇಂಥವರ ತ್ಯಾಗ ದೊಡ್ಡದೆಂದು ಈ ವಯಸ್ಸಿನಲ್ಲಿ ನನಗನ್ನಿಸುತ್ತದೆ. ಯಾಕೆಂದರೆ ಅದನ್ನು ಅವರು ವಾರವಾರವೂ ಹೊಸದಾಗಿ ಮಾಡಬೇಕಾಗುತ್ತದೆ.