ಮನೆಯಲ್ಲಿ ಓದದ ಅಧ್ಯಾಯ

ಕಂಪ್ಲಿಯ ಅಕ್ಕಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದಾಗ ಚೆನ್ನಬಸಮ್ಮ ತವರು ಬುಕ್ಕಸಾಗರದಿಂದ ತಂದದ್ದು ಒಂದು ಹಿತ್ತಾಳೆ ಕೊಡ, ಒಂದು ಪುರಾಣ. ಕೊಡ ತಳ ಸವೆದು ಸೋರಿಹೋಗಿ ಎಷ್ಟೋ ಕಾಲವಾಗಿತ್ತು. ಪುರಾಣ ಮಾತ್ರ ಕೆಂಪು ವಸ್ತ್ರದೊಳಗೆ ಮೊದಲಿನ ಹಾಗೇ ಇತ್ತು. ಗಂಜಿಯ ಸಿರಿಯವ್ವೆ ಎಂಬ ಶರಣೆಯ ಕಥೆ ಅದು. ಬೇನೆ ಬಿದ್ದ ಊರಿನಲ್ಲಿ ಎಲ್ಲರೂ ಓಡಿಹೋದಾಗ ಈಕೆಯೊಬ್ಬಳು ತಲೆಯ ಮೇಲೆ ಗಂಜಿಯ ಗಡಿಗೆ ಹೊತ್ತು, ಜಾತಿ ಕೇಳದೆ ಕುಲ ಕೇಳದೆ ಬಾಗಿಲು ಬಾಗಿಲಿಗೆ ಹೋದವಳು.

ಪ್ರತಿ ಶ್ರಾವಣದಲ್ಲೂ ಪಡಸಾಲೆಯಲ್ಲಿ ಅದರ ಓದು. ಓಣಿಯ ಹೆಂಗಸರೆಲ್ಲ ಬರುವರು. ಚೆನ್ನಬಸಮ್ಮನ ಅಪ್ಪ ಓದು ಕಲಿಸುವಾಗಲೇ ಒಂದು ಕಟ್ಟಳೆಯನ್ನೂ ಕಲಿಸಿದ್ದ. ಶರಣೆ ಐಕ್ಯಳಾಗುವ ಅಧ್ಯಾಯವನ್ನು ಮನೆಯೊಳಗೆ ಓದಬಾರದು. ಓದಿದರೆ ಸಾವನ್ನು ಕರೆದು ಮಣೆ ಹಾಕಿದಂತೆ. ಅದನ್ನು ಓದುವುದಿದ್ದರೆ ಮಠದಲ್ಲಿ, ಸ್ವಾಮಿಗಳ ಬಾಯಲ್ಲಿ. ಹಾಗಾಗಿ ಆ ಹಾಳೆಗಳಿಗೆ ಒಂದು ಕೆಂಪು ದಾರ ಸುತ್ತಿತ್ತು. ಕಡೆಯ ದಿನ ಚೆನ್ನಬಸಮ್ಮ ದಾರ ಸುತ್ತಿದ ಹಾಳೆಗಳನ್ನು ಒಟ್ಟಿಗೇ ಮಗುಚಿ ಮಂಗಳ ಹಾಡಿಬಿಡುವಳು. ಪಡಸಾಲೆಯಲ್ಲಷ್ಟೇ ಕೇಳಿದವರಿಗೆ ಗೊತ್ತಿದ್ದದ್ದು ಇಷ್ಟೇ: ಸಿರಿಯವ್ವೆ ಗಂಜಿ ಹೊತ್ತಳು, ಜನ ಉಳಿದರು, ಮಂಗಳ.

ಆಕೆಯ ಸೊಸೆ ಜಂಬಮ್ಮ ಸಂಡೂರಿನ ಗುಡ್ಡದ ಕಡೆಯವಳು. ಅಕ್ಷರ ಬಾರದು, ಆದರೆ ಒಮ್ಮೆ ಕೇಳಿದ ಪದ್ಯ ಮರೆಯುವವಳಲ್ಲ. ರಾಗಿ ಬೀಸುವಾಗ, ಒಲೆ ಊದುವಾಗ ಆಕೆಯ ಬಾಯಲ್ಲಿ ಅದೇ ಎರಡು ಸಾಲು:

ಹಸಿದವರ ಬಾಗಿಲಿಗೆ ಹರ ತಾನೆ ನಿಂತಿಹನು
ಹೊತ್ತಿರುವ ಗಡಿಗೆಯೇ ಗುಡಿಯು ನಿನಗೆ

"ಪದ ಹಾಡಿದ್ರ ರೊಟ್ಟಿ ಬೇಯಂಗಿಲ್ಲ, ಹಂಚು ನೋಡು," ಎಂದು ಚೆನ್ನಬಸಮ್ಮ ಗದರುವಳು. ಗದರಿ, ಒಳಗೊಳಗೇ ಹಿಗ್ಗುವಳು.

ಆ ವರ್ಷ ದಸರೆ ಕಳೆಯುತ್ತಿದ್ದಂತೆ ಅಕ್ಕಿ ಮಂಡಿಯಲ್ಲಿ ಇಲಿ ಬಿತ್ತು. ಮೊದಲು ಮೂಟೆಗಳ ಸಂದಿಯಲ್ಲಿ, ಆಮೇಲೆ ಓಣಿಯ ನಡುವೆ, ಹಗಲು ಹೊತ್ತಿನಲ್ಲೇ ಗಿರಗಿರ ತಿರುಗಿ ಬಿದ್ದವು. ಇಲಿ ಬಿದ್ದ ಮನೆಯಲ್ಲಿ ನಿಲ್ಲಬಾರದೆಂದು ಊರಿಗೆ ಊರೇ ಎದ್ದು ಕಾಲುವೆ ದಾಟಿ, ಕಬ್ಬು ಕಡಿದ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ಬಳ್ಳಾರಿಯಿಂದ ಸೂಜಿ ಚುಚ್ಚುವವರು ಬಂದಾಗ ಜನ ಇನ್ನೂ ಕಡಿಯದ ಕಬ್ಬಿನೊಳಗೆ ನುಗ್ಗಿ ಅಡಗಿದರು. ಅವರು ಬಂದ ಗಾಡಿಯಲ್ಲೇ ಹಿಂದಿರುಗಿದರು.

ಗುಡಿಸಲುಗಳಿಗೆ ಹಿರಿಯ ಪಂಪಣ್ಣ. ಆತ ಹಾಕಿದ ಕಟ್ಟು ಒಂದೇ: ಊರೊಳಗೆ ಕಾಲಿಟ್ಟವರು ಬೇನೆ ಅಡಗುವ ತನಕ ಕಾಲುವೆ ದಾಟಿ ಈಚೆ ಬರುವಂತಿಲ್ಲ. ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಂಟು ಎದ್ದವರನ್ನು ಗುಡಿಸಲಿಗೆ ತರುವಂತೆಯೂ ಇಲ್ಲ.

ಹಾಗಾಗಿ ಕೆಲವರು ಊರೊಳಗೇ ಉಳಿದರು. ಉಳಿದರು ಅನ್ನುವುದಕ್ಕಿಂತ ಬಿಟ್ಟು ಬಂದರು ಅನ್ನಬೇಕು. ಚೆನ್ನಬಸಮ್ಮನ ಪಕ್ಕದ ಮನೆಯ ವಿರುಪಮ್ಮ ಅಂಥವರಲ್ಲೊಬ್ಬಳು. ಹೊರಡುವ ದಿನವೇ ಆಕೆಗೆ ಜ್ವರ ಬಂದು ಗಂಟು ಎದ್ದಿತ್ತು. ಆಕೆಯ ಮಗ ತಾಯಪ್ಪ ಬಾಗಿಲು ಮುಂದೆ ಮಾಡಿ, ಒಂದು ತಂಬಿಗೆ ನೀರಿಟ್ಟು ಬಂದುಬಿಟ್ಟ. ಯಾರಾದರೂ ಕೇಳಿದರೆ, "ನಮ್ಮವ್ವ ಹೋದ್ಲು ಅಂತನ ತಿಳ್ಕೊಳ್ರಿ," ಎಂದು ಮುಖ ತಿರುಗಿಸುವನು.

ಗುಡಿಸಲಿನಲ್ಲಿ ಸಂಜೆಗಳು ಉದ್ದ. ಹೆಂಗಸರು, "ಯಮ್ಮಾ, ಸಿರಿಯವ್ವೆ ಕಥಿ ಓದ್ರಿ, ಎದಿಗೆ ಧೈರ್ಯ ಬರ್ತೈತಿ," ಎಂದರು. ಚೆನ್ನಬಸಮ್ಮ ಕೆಂಪು ವಸ್ತ್ರ ಬಿಚ್ಚಿದಳು. ಗಡಿಗೆ ಹೊತ್ತ ಅಧ್ಯಾಯ ಬಂದಾಗ ತಾಯಪ್ಪ ಎದ್ದು ಹೊರಗೆ ಹೋದದ್ದನ್ನು ಕಂಡಳು. ಜಂಬಮ್ಮ ರೆಪ್ಪೆ ಹೊಡೆಯದೆ ಕೂತದ್ದನ್ನೂ ಕಂಡಳು, ಆದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಬೆಳಗಾಗುತ್ತಲೇ ಜಂಬಮ್ಮ ಹಣೆಗೆ ದಟ್ಟವಾಗಿ ವಿಭೂತಿ ಬಳಿದುಕೊಂಡು, ಗಂಜಿಯ ಗಡಿಗೆಗೆ ಸಿಂಬಿ ಸುತ್ತುತ್ತಿದ್ದಳು.

"ಎಲ್ಲಿಗೆ?"

"ವಿರುಪಮ್ಮತ್ತಿಗೆ ನೀರು ಕೊಡೋರಿಲ್ರಿ ಅತ್ತಿ. ನಾ ಈ ಊರಿಗೆ ಬಂದ ಹೊಸದ್ರಾಗ ಮೈಲಿ ಎದ್ದಾಗ ನನ್ನ ತಲಿ ತೊಡಿ ಮ್ಯಾಲೆ ಇಟ್ಕೊಂಡು ಕುಂತಾಕಿ."

"ಹುಚ್ಚಿ! ಅಲ್ಲಿ ಹೋದ್ರ ತಿರುಗಿ ಬರೋಹಂಗಿಲ್ಲ."

"ಆಚಿ ದಂಡಿ ಮಂಟಪದಾಗ ಇರ್ತೀನ್ರಿ. ಬ್ಯಾನಿ ಇಳಿದ ಮ್ಯಾಲೆ ಬರ್ತೀನಿ." ಆಮೇಲೆ ನಕ್ಕು ಕೇಳಿದಳು: "ಸಿರಿಯವ್ವೆಗೆ ಬ್ಯಾನಿ ಮುಟ್ಟಲಿಲ್ಲ ಅಲ್ಲೇನ್ರಿ? ಗಡಿಗಿ ಹೊತ್ತಾಕಿನ್ನ ಶಿವ ಕಾಯ್ದ. ನನ್ನನ್ನೂ ಕಾಯ್ತಾನ."

ದಾರ ಸುತ್ತಿದ ಹಾಳೆಗಳ ಮಾತು ಚೆನ್ನಬಸಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೇನೆಯ ನಡುವೆ ಕೂತು, ಮನೆಯಲ್ಲಿ ಆಡಬಾರದ ಮಾತನ್ನು ಬೇನೆಯತ್ತ ನಡೆಯುವವಳ ಮುಂದೆ ಆಡುವುದೇ? ಸಾವನ್ನು ಹೆಸರು ಹಿಡಿದು ಕೂಗಿದ ಹಾಗೆ ಅಲ್ಲವೇ? "ಹೋಗಬ್ಯಾಡ," ಎಂದಳು, ಅಷ್ಟೇ. ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಜಂಬಮ್ಮ ಅತ್ತೆಯ ಕಾಲು ಮುಟ್ಟಿ, ಮೊಣಕಾಲುದ್ದ ನೀರಿನಲ್ಲಿ ಕಾಲುವೆ ದಾಟಿದಳು.

ಚೆನ್ನಬಸಮ್ಮನ ಮಗ ತೋಟಪ್ಪ ಹೊಲದಿಂದ ಓಡಿ ಬಂದಾಗ ಹೆಂಡತಿ ಆಚೆ ದಂಡೆಯಲ್ಲಿದ್ದಳು. ಕೂಗಿದ, ಬೈದ, ನೀರಿಗೆ ಇಳಿದ. ಪಂಪಣ್ಣ ಅವನ ರಟ್ಟೆ ಹಿಡಿದು, "ಲೇ ತೋಟ್ಯಾ, ನೀನೂ ಹೋದ್ರ ನಿಮ್ಮವ್ವಗ ಯಾರು?" ಎಂದ. ತೋಟಪ್ಪ ತಾಯಿಯ ಕಡೆ ತಿರುಗಿದ.

"ಯವ್ವಾ, ನಿನ್ನ ಪುರಾಣ ನನ್ನ ಹೇಣ್ತಿನ್ನ ನುಂಗ್ತು."

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಒಂದು ರೂಢಿ ಬೆಳೆಯಿತು. ಕಾಲುವೆಯ ನಡುವೆ ಅಗಸರು ಬಟ್ಟೆ ಒಗೆಯುವ ಬಂಡೆಯಿತ್ತು. ಬೆಳಿಗ್ಗೆ ಈಚೆಯವರು ಅದರ ಮೇಲೆ ಗಂಜಿ ಇಟ್ಟು ಹಿಂದೆ ಸರಿಯುವರು. ಜಂಬಮ್ಮ ಆಚೆಯಿಂದ ಬಂದು ಒಯ್ಯುವಳು. ಸಂಜೆ ಆಕೆ ಮಂಟಪದ ಕಟ್ಟೆಯಲ್ಲಿ ಕೂತು ಆ ದಿನದ ಸುದ್ದಿ ಕೂಗಿ ಹೇಳುವಳು. ವಿರುಪಮ್ಮ ಕಣ್ಣು ಬಿಟ್ಟಳು. ಕುಂಬಾರ ಮೂಕಪ್ಪ ತನ್ನ ಮನೆಯಲ್ಲೇ ಬಿದ್ದಿದ್ದಾನೆ, ನೀರು ಕುಡಿಸಿದೆ. ಬಾವಿಯ ಹತ್ತಿರದ ಮನೆಯಲ್ಲಿ ಇಬ್ಬರು. ಇನ್ನೊಂದು ಮನೆಯಲ್ಲಿದ್ದವರು ಆಗಲೇ ಹೋಗಿದ್ದರು, ನಾಯಿ ಬರದ ಹಾಗೆ ಬಾಗಿಲಿಗೆ ಕಲ್ಲು ಒಟ್ಟಿ ಬಂದೆ.

ಮೊದಲು ಗಂಜಿ ಚೆನ್ನಬಸಮ್ಮನ ಒಲೆಯದೊಂದೇ. ಬರಬರುತ್ತಾ ಯಾರೋ ಒಂದು ಹಿಡಿ ಅಕ್ಕಿ, ಯಾರೋ ಒಂದು ಉಂಡೆ ಬೆಲ್ಲ ತಂದಿಟ್ಟು ಮಾತಾಡದೆ ಹೋಗತೊಡಗಿದರು. ತಾಯಪ್ಪ ದಿನಾ ಒಂದು ಹೊರೆ ಸೌದೆ ತಂದು ಹಾಕುವನು, ತಲೆ ಎತ್ತುತ್ತಿರಲಿಲ್ಲ. ಕಥೆ ಕೇಳಿದವರ ಕೈ ಸಡಿಲಾಗುತ್ತಿತ್ತು. ಅದನ್ನು ನೋಡಿ ಚೆನ್ನಬಸಮ್ಮ ಸಂತೋಷಪಡಬೇಕಿತ್ತು. ಆದರೆ ಪ್ರತಿ ಸಂಜೆ ಆಚೆಯಿಂದ ಬರುವ ಒಂದು ಮಾತು ಆಕೆಯ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು.

"ಅಂಜಬ್ಯಾಡ್ರಿ ಅತ್ತಿ! ನನಗೇನೂ ಆಗಂಗಿಲ್ಲ. ಸಿರಿಯವ್ವೆಗೆ ಆತೇನು?"

ಆತು ತಾಯೀ, ಆತು. ಸಿರಿಯವ್ವೆಗೂ ಗಂಟು ಎದ್ದಿತು. ಕಡೆಗೆ ಆಕೆಗೆ ಗುಟುಕು ನೀರು ಕೊಡುವವರಿರಲಿಲ್ಲ. ದಾರ ಸುತ್ತಿದ ಹಾಳೆಗಳಲ್ಲಿದ್ದದ್ದು ಅದು. ಚೆನ್ನಬಸಮ್ಮ ಚಿಕ್ಕವಳಿದ್ದಾಗ ಕದ್ದು ಓದಿದ್ದಳು, ಮಠದಲ್ಲಿ ಕೇಳಿಯೂ ಇದ್ದಳು. ಸೊಸೆ ದಿನಾ ಸಾವಿನ ಮನೆ ಹೊಗುತ್ತಿದ್ದದ್ದು ಸಿರಿಯವ್ವೆಯ ಭಕ್ತಿಯಿಂದಲ್ಲ. ತಾನು ಅರ್ಧ ಓದಿದ ಪುರಾಣದ ಭರವಸೆಯಿಂದ. ಶಿವನ ಹೆಸರಲ್ಲಿ ತಾನು ಕೊಟ್ಟ ಸುಳ್ಳು ಮಾತು ಅದು.

ಹೇಳಿದರೆ ನಿಲ್ಲುತ್ತಾಳೆ ಅನ್ನಿಸಿತು. ಆಚೆ ದಂಡೆಯಿಂದಲೇ ಹೊಸಪೇಟೆಯ ದಾರಿ ಹಿಡಿದು ಸಂಡೂರಿನ ತವರಿಗೆ ಹೋಗಲಿ, ಗುಡ್ಡದಲ್ಲಿ ಬೇನೆಯಿಲ್ಲವಂತೆ. ಕಟ್ಟಳೆ ಮುರಿದ ಪಾಪ ನನಗಿರಲಿ. ಆ ಸಂಜೆ ಆಕೆ ದೀಪ ಹಿಡಿದು ಕಾಲುವೆಯ ಅಂಚಿಗೇ ಹೋಗಿ ಕೂತಳು. ಕೆಂಪು ದಾರ ಹಳೆಯದು, ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಡಿದಳು.

ಹಿಂದೆ ಕೂತಿದ್ದ ಹೆಂಗಸರಿಗೆ ಅರ್ಥವಾಯಿತು. "ಬ್ಯಾಡ್ರೀ ಯಮ್ಮಾ, ಈ ಹೊತ್ತಿನ್ಯಾಗ ಬ್ಯಾಡ್ರಿ," ಎಂದು ಎದ್ದೇ ಹೋದರು. ಚೆನ್ನಬಸಮ್ಮ ದನಿ ಎತ್ತರಿಸಿ, ನೀರಿನ ಸದ್ದಿನ ಮೇಲೆ, ಕಡೆಯ ತನಕ ಓದಿದಳು. ಸಿರಿಯವ್ವೆಗೆ ನಡುಕ ಬಂದದ್ದು. ಅದು ಚಳಿಯಲ್ಲ, ಬೇನೆ ಎಂದು ಅವಳಿಗೇ ತಿಳಿದದ್ದು. ಅಳುತ್ತಲೇ ಗಡಿಗೆ ಎತ್ತಿಕೊಂಡದ್ದು.

ಅಂಜಿದಳು ಸಿರಿಯವ್ವೆ ಅಂಜುತಲೆ ಅಡಿಯಿಟ್ಟು
ಹಸಿದವರ ಹೊಸಿಲನ್ನು ದಾಟುತಿಹಳು

ಆಚೆಯಿಂದ ಜಂಬಮ್ಮ ಕೇಳಿದಳು, "ನಿಮಗ ಮೊದಲಿಂದ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

"ನಾ ಕೇಳಿದೆ. ಹೊಂಟಾಗ ಕೇಳಿದೆ ನಿಮ್ಮನ್ನ."

"ಕೇಳಿದ್ದಿ. ಈಗರ ಮಾತು ಕೇಳು, ತವರಿಗೆ ಹೋಗು. ನಿನ್ನ ಕಾಲಿಗೆ ಬೀಳ್ತೀನಿ."

ಜಂಬಮ್ಮ ಎದ್ದು ಮಂಟಪದ ಒಳಗೆ ಹೋದಳು.

ಮರುದಿನ ಬಂಡೆಯ ಮೇಲಿಟ್ಟ ಗಂಜಿ ಹಾಗೇ ಇತ್ತು. ಬಿಸಿಲೇರಿತು, ಇರುವೆ ಮುತ್ತಿದವು, ಮಧ್ಯಾಹ್ನ ಕಾಗೆ ಬಂದು ಗಡಿಗೆ ಉರುಳಿಸಿತು. ಚೆನ್ನಬಸಮ್ಮ ದಂಡೆಯಲ್ಲಿ ಕೂತು ನೋಡಿದಳು. ತವರಿಗೆ ಹೋದಳು, ಬದುಕಿ ಉಳಿದಳು ಎಂದು ಜೀವ ಹಗುರಾಯಿತು. ಒಡನೆಯೇ ಆ ಓಣಿಯ ಬಾಗಿಲುಗಳು ನೆನಪಾದವು: ಇವತ್ತು ಅಲ್ಲಿ ಯಾರ ಯಾರ ಕಿವಿ ಅವಳ ಹೆಜ್ಜೆಗಾಗಿ ನಿಮಿರಿವೆಯೋ. ಹಗುರಾದ ಜೀವವೇ ಆಕೆಗೆ ಹೇಸಿಗೆಯಾಯಿತು. ಆದರೂ ದೇವರೇ, ಆಕೆ ಹೋಗಿರಲಿ ಎಂದೇ ಬೇಡಿಕೊಂಡಳು.

ಅದರ ಮರುದಿನ ನಸುಕಿನಲ್ಲಿ ಮತ್ತೆ ಇಟ್ಟ ಗಂಜಿಯ ಗಡಿಗೆ ಸೂರ್ಯ ಹುಟ್ಟುವ ಮೊದಲೇ ಬಂಡೆಯ ಮೇಲಿರಲಿಲ್ಲ.

ಸಂಜೆ ಜಂಬಮ್ಮ ಕಟ್ಟೆಗೆ ಬಂದಳು. ಹಣೆಯಲ್ಲಿ ವಿಭೂತಿ ಇತ್ತು, ಆದರೆ ಮೊದಲಿನಂತೆ ಕೋಟೆ ಕಟ್ಟಿದ ಹಾಗೆ ಬಳಿದಿರಲಿಲ್ಲ; ದಿನಾ ಹಚ್ಚಿಕೊಳ್ಳುವಷ್ಟೇ.

"ಹೊಸಪೇಟಿ ದಾರಿ ತನಕ ಹೋಗಿದ್ದೆರಿ ಅತ್ತಿ. ಭಾಳ ಅಂಜಿಕಿ ಆತು. ನಿಮ್ಮ ಮ್ಯಾಲೆ ಸಿಟ್ಟೂ ಬಂತು. ನಿನ್ನೆ ಮೂಕಪ್ಪಜ್ಜ ಹೋದ. ಹೊಸಿಲ ತನಕ ತೆವಳಿಕೊಂಡು ಬಂದಿದ್ದ. ಕೈಯಾಗ ಖಾಲಿ ತಂಬಿಗಿ ಇತ್ತು."

ಚೆನ್ನಬಸಮ್ಮ ನೀರಿನ ಅಂಚಿಗೆ ಇನ್ನೂ ಹತ್ತಿರ ಸರಿದಳು.

"ಇವತ್ತೂ ಅಂಜಿಕಿ ಐತ್ರಿ. ಒಳಗ ಹೋಗಾಗ ಕಾಲು ನಡುಗ್ತಾವು. ಆದ್ರ ಆಕಿಗೂ ನಡುಗಿದ್ವಲ್ಲ. ಮೊದಲು ಆಕಿ ನನಗ ದೇವರಾಗಿದ್ಲು. ಈಗ ಜೊತಿಗೆ ಬರ್ತಾಳ." ಆಮೇಲೆ ಅಂದಳು: "ಆ ಅಧ್ಯಾಯ ಇನ್ನೊಂದ್ಸಲ ಓದ್ರಿ. ಕೊನಿ ಪದ್ಯ ನನಗ ಬಾಯಿಗೆ ಬಂದಿಲ್ಲ."

ಚೆನ್ನಬಸಮ್ಮ ಓದಿದಳು. ಅಂದೂ ಓದಿದಳು, ಮುಂದೆಯೂ ಓದಿದಳು. ಎದ್ದುಹೋದ ಹೆಂಗಸರು ಒಬ್ಬೊಬ್ಬರೇ ಹಿಂದೆ ಬಂದು ಕೂತರು. ತೋಟಪ್ಪ ದೂರದಲ್ಲಿ ಬೆನ್ನು ಮಾಡಿ ಕೂರುವನು, ಆದರೆ ಕೂರುವನು. ಬೆಳಿಗ್ಗೆ ಬಂಡೆಗೆ ಗಂಜಿ ಒಯ್ಯುವ ಕೆಲಸವನ್ನು ಆತನೇ ತೆಗೆದುಕೊಂಡ. ಇಟ್ಟು ಹಿಂದೆ ಸರಿಯುವಾಗ ಹೆಂಡತಿಯನ್ನು ನೋಡುವನು. ಇಬ್ಬರೂ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಗಂಜಿಯ ಪಕ್ಕ ಎರಡು ಬಾಳೆಹಣ್ಣು ಇಟ್ಟು, "ಇವು ಊರ ಮಂದಿಗಲ್ಲ, ನಿನಗ," ಎಂದ. ಆಕೆ ನಕ್ಕದ್ದು ಈಚೆ ದಂಡೆಗೂ ಕೇಳಿಸಿತು.

ಚಳಿ ಮುಗಿಯುತ್ತ ಬಂದಾಗ, ಇನ್ನೇನು ಬೇನೆ ಇಳಿಯಿತು ಎಂದು ಜನ ಮಾತಾಡಿಕೊಳ್ಳುವ ಹೊತ್ತಿಗೆ, ಜಂಬಮ್ಮ ಗಡಿಗೆ ಒಯ್ಯಲು ಬರಲಿಲ್ಲ.

ಚೆನ್ನಬಸಮ್ಮ ಪುರಾಣವನ್ನು ಮಗನ ಕೈಗಿತ್ತು, ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಪಂಪಣ್ಣ ಅಡ್ಡ ಬಂದ. "ಅಕ್ಕಾ, ಕಟ್ಟು ಐತಿ. ಗೊತ್ತೈತಲ್ಲ ನಿಮಗ?"

"ಗೊತ್ತೈತಪ್ಪಾ. ನಾ ತಿರುಗಿ ಬರ್ತೀನಿ ಅಂದೆನೇನು?"

ಪಂಪಣ್ಣ ದಾರಿ ಬಿಟ್ಟ.

ಜಂಬಮ್ಮ ಮಂಟಪದ ಕಂಬಕ್ಕೆ ಒರಗಿದ್ದಳು. ಕುತ್ತಿಗೆಯ ಕೆಳಗೆ ಗಂಟು ಎದ್ದಿತ್ತು, ಕಣ್ಣು ಕೆಂಡ. ಅತ್ತೆಯನ್ನು ಗುರುತಿಸಿ, "ಬರಬಾರ್ದಿತ್ರಿ," ಎಂದಳು. ಆಮೇಲೆ ಅವಳ ಮಾತೆಲ್ಲ ಜ್ವರದ ಮಾತು: ಸಂಡೂರಿನ ಹಳ್ಳ, ಅವ್ವ, ಬಾಗಿಲಿಗಿಟ್ಟ ಕಲ್ಲು. ಅಂಜಿ ಅಂಜಿ ಅತ್ತೆಯ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಪುರಾಣದ ಶರಣೆಗೆ ಕೊನೆಯಲ್ಲಿ ಬೆಳಕು ಕಂಡಿತ್ತು. ಜಂಬಮ್ಮನಿಗೆ ಏನು ಕಂಡಿತೋ ಚೆನ್ನಬಸಮ್ಮನಿಗೆ ತಿಳಿಯಲಿಲ್ಲ. ನೀರು ಕೊಡುವವರಂತೂ ಇದ್ದರು. ಅಷ್ಟು ಮಾತ್ರ ಪುರಾಣಕ್ಕಿಂತ ಬೇರೆಯಾಯಿತು.

ಮಣ್ಣು ಮಾಡಲು ಯಾವ ಅಯ್ಯನೂ ಬರಲಿಲ್ಲ. ಊರ ಕಡೆಯಿಂದ ಗೋಡೆ ಹಿಡಿದು, ಬೇಲಿ ಹಿಡಿದು ವಿರುಪಮ್ಮ ಬಂದಳು. ಎಲುಬಿನ ಗೂಡಿನಂತಿದ್ದ ಆ ಮುದುಕಿ ಜಂಬಮ್ಮನ ಮೈ ತೊಳೆದಳು, ಎದೆಯ ಮೇಲಿನ ಲಿಂಗವನ್ನು ಅಂಗೈಗೆ ಇಟ್ಟಳು. ತೋಟಪ್ಪನೂ ಕಾಲುವೆ ದಾಟಿ ಬಂದು ಗುಂಡಿ ತೋಡಿದ. ಪಂಪಣ್ಣ ನೋಡಿದರೂ ನೋಡದಂತಿದ್ದ. ಮಾರನೆಯ ಬೆಳಿಗ್ಗೆ ಬಂಡೆಯ ಮೇಲೆ ಗಂಜಿ ಬಂದಿತ್ತು, ತಾಯಪ್ಪ ತಂದಿಟ್ಟದ್ದು. ಚೆನ್ನಬಸಮ್ಮ ಸಿಂಬಿ ಸುತ್ತಿಕೊಂಡಳು. ಮೊದಲ ಹೊಸಿಲಲ್ಲಿ ಆಕೆಯ ಕಾಲು ನಡುಗಿದವು, ದಾಟಿದಳು.

ಮುಂದಿನ ಶ್ರಾವಣಕ್ಕೆ ಊರು ಮತ್ತೆ ಊರಾಗಿತ್ತು, ಅಲ್ಲಲ್ಲಿ ಬೀಗ ಬಿದ್ದ ಬಾಗಿಲುಗಳನ್ನು ಬಿಟ್ಟರೆ. ಪಡಸಾಲೆಯಲ್ಲಿ ಓದು ನಡೆಯಿತು. ಕಡೆಯ ದಿನ ದಾರವಿಲ್ಲದ ಹಾಳೆಗಳು ಬಂದಾಗ, ಬೇರೆ ಊರಿಂದ ಬಂದ ನೆಂಟರ ಹೆಂಗಸೊಬ್ಬಳು, "ಐಕ್ಯದ ಅಧ್ಯಾಯ ಮನ್ಯಾಗ ಓದಬಾರ್ದಲ್ರೀ, ಮಗಚ್ರಿ," ಎಂದಳು.

ಮೂಲೆಯಲ್ಲಿ ಕೂತ ವಿರುಪಮ್ಮ, "ಓದು ಚೆನ್ನಬಸವ್ವಾ," ಎಂದಳು. "ನನ್ನ ಮನಿ ಹೊಸಿಲು ದಾಟಿದಾಕಿ ಹ್ಯಾಂಗ ಹೋದ್ಲು ಅಂತ ಮಂದಿಗೆ ಗೊತ್ತಾಗಲಿ."

ತೋಟಪ್ಪ ಬಾಗಿಲ ಬಳಿ ಬೆನ್ನು ಮಾಡಿ ಕೂತಿದ್ದ. ಚೆನ್ನಬಸಮ್ಮ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದಳು. ಕೊನೆಯ ಪದ್ಯಕ್ಕೆ ಬಂದಾಗ ಒಂದು ಸಾಲು ಓದಿ ನಿಲ್ಲಿಸಿದಳು. ಆ ಪದ್ಯ ಜಂಬಮ್ಮನಿಗೆ ಬಾಯಿಗೆ ಬಂದಿತ್ತೋ ಇಲ್ಲವೋ, ಕೇಳಲು ಆಗಿರಲಿಲ್ಲ. ಪದ್ಯವನ್ನು ಮತ್ತೆ ಮೊದಲ ಸಾಲಿನಿಂದ ಹಿಡಿದಳು.